ಕಾಲುವೆಗೆ ಇಳಿದ ರಸ್ತೆ

ಆಂಬುಲೆನ್ಸಿನ ಮುಂದಿನ ಚಕ್ರಗಳು ಕಾಲುವೆಯ ಅಂಚಿಗೆ ಬಂದು ನಿಂತಿದ್ದವು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಕಥೆ ಮುಗಿಯುತ್ತಿತ್ತು. ಒಳಗಿದ್ದ ತುಂಬು ಗರ್ಭಿಣಿಯನ್ನು ಬೇರೆ ಗಾಡಿಯಲ್ಲಿ ಸಾಗಿಸಿದರು. ತಾಯಿ ಮಗು ಕೂದಲೆಳೆಯಲ್ಲಿ ಪಾರಾದರು.

"ಮ್ಯಾಪಲ್ಲಿ ರಸ್ತೆ ಇದೆ ಅಕ್ಕ," ಎಂದ ಡ್ರೈವರ್, ಸುದ್ದಿ ಕೇಳಿ ಓಡಿಬಂದ ತನ್ನ ಅಕ್ಕನಿಗೆ. ಫೋನು ಮುಂದೆ ಹಿಡಿದ. "ಸೇತುವೇನೂ ಇದೆ, ನೋಡು. ನನ್ನ ಕೆಲಸ ಹೋಯ್ತು."

ಅಕ್ಕ ಫೋನು ಇಸಿದುಕೊಂಡಳು. ಅವಳು ಭೂಗೋಳದ ಟೀಚರ್. ಬಿಡುವಿನಲ್ಲಿ ಬೀದಿ ಸುತ್ತಿ ಈ ಉಚಿತ ನಕ್ಷೆ ಬರೆದ ಮೂವರಲ್ಲಿ ಒಬ್ಬಳು. ಮೂವರದೂ ಒಂದೇ ಖಾತೆ, ಯಾವುದು ಯಾರು ಬರೆದದ್ದೆಂದು ಅದರಲ್ಲಿ ಕಾಣದು. ಆದರೆ ಈ ರಸ್ತೆ ಅವಳು ಬರೆದದ್ದಲ್ಲ.

* * *

ಮೂವರೂ ಸೇರುತ್ತಿದ್ದುದು ಅವರಲ್ಲೊಬ್ಬರಾದ ಪ್ರೆಸ್ ಅಂಕಲ್‌ನ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ. ಶಾಯಿಯ ವಾಸನೆ, ಕಾಗದದ ರಾಶಿ, ನಡುವೆ ಕಂಪ್ಯೂಟರ್. ತನಿಖೆಗೆ ಬಂದ ಇನ್ಸ್‌ಪೆಕ್ಟರ್ ನೇರವಾಗಿ ಮೂರನೆಯವನತ್ತ, ಎಂಜಿನಿಯರ್‌ನತ್ತ ತಿರುಗಿದರು.

"ಈ ರಸ್ತೆ ನಗರಸಭೆ ಮಾಹಿತಿಯಿಂದ ಬಂದಿದ್ದು ಅಂತ ಗುರುತಿದೆ. ಅದನ್ನ ತಂದು ಹಾಕಿದ್ದು ನೀವು?"

"ಹೌದು ಸಾರ್. ಹೋದ ವಾರ ನೂರಾರು ರಸ್ತೆ ಒಟ್ಟಿಗೆ ಸೇರಿಸಿದೆ. ಎಲ್ಲಾನೂ ಸ್ವಲ್ಪ ಪಶ್ಚಿಮಕ್ಕೆ ಜರುಗಿಬಿಟ್ಟಿವೆ, ಒಪ್ಕೋತೀನಿ. ಆದ್ರೆ ಇಲ್ಲದ ಸೇತುವೆ..."

"ಕಣ್ತಪ್ಪಿರುತ್ತೆ, ಬಿಡಿ," ಎಂದರು ಅಂಕಲ್ ಮೆಲ್ಲಗೆ. "ಮೂವತ್ತಡಿ ರಸ್ತೆ ಕಂಡ್ರೆ ಡ್ರೈವರ್ ತಾನೇ ಏನು ಮಾಡ್ತಾನೆ?"

ಟೀಚರ್ ತಲೆಯೆತ್ತಿದಳು. ಎದ್ದು ಕಂಪ್ಯೂಟರ್ ಮುಂದೆ ಕೂತಳು.

"ಸಾರ್, ಒಂದು ನಿಮಿಷ. ಜರುಗಿದ್ದನ್ನ ಈಗಲೇ ಸರಿ ಮಾಡ್ತೀನಿ. ನೋಡ್ತಿರಿ."

* * *

ಟೀಚರ್ ನಗರಸಭೆಯ ಗುರುತಿದ್ದ ರಸ್ತೆಗಳನ್ನೆಲ್ಲ ಒಟ್ಟಿಗೆ ಹಿಡಿದು ಪೂರ್ವಕ್ಕೆ ಎಳೆದಳು. ಹಿನ್ನೆಲೆಯ ಉಪಗ್ರಹ ಚಿತ್ರದಲ್ಲಿ ಚಾವಣಿಗಳ ಮೇಲೆ ಹಾದಿದ್ದ ಗೆರೆಗಳು ಒಂದೊಂದಾಗಿ ಬೀದಿಗೆ ಬಂದು ಕೂತವು. ಒಂದು ಗೆರೆ ಮಾತ್ರ ಬೀದಿಯ ಮೂಲೆ ಬಿಟ್ಟು ಪಕ್ಕದ ಗೋದಾಮಿನ ಮೇಲೆ ಹತ್ತಿತು. ಕಾಲುವೆಯ ರಸ್ತೆ ಅದು.

"ಉಳಿದವೆಲ್ಲ ತಪ್ಪಾಗಿದ್ದವು, ಸರಿಯಾದವು. ಇದು ಮೊದಲು ಬೀದಿ ಮೂಲೆಗೆ ಸರಿಯಾಗಿ ಕೂಡಿತ್ತು, ಈಗ ತಪ್ಪಿತು. ಅಂದ್ರೆ ಅವುಗಳ ಜೊತೆ ಬಂದಿದ್ದಲ್ಲ. ಯಾರೋ ಕೈಯಲ್ಲಿ ಎಳೆದು, ನಗರಸಭೆ ಹೆಸರು ಅಂಟಿಸಿದ್ದಾರೆ."

"ಇವರೇ ಎಳೆದಿರಬಹುದಲ್ಲ?" ಇನ್ಸ್‌ಪೆಕ್ಟರ್ ಎಂಜಿನಿಯರ್‌ನನ್ನು ತೋರಿಸಿದರು.

"ಇರಬಹುದಿತ್ತು. ಆದ್ರೆ ನಕ್ಷೇಲಿ ರಸ್ತೆ ಅಗಲ ಇಲ್ಲ. ನಗರಸಭೆ ಮಾಹಿತೀಲೂ ಇಲ್ಲ. ನೆಲದ ಮೇಲೆ ರಸ್ತೇನೇ ಇಲ್ಲ. ಅಂಕಲ್, ಮೂವತ್ತಡಿ ಅಂತ ನಿಮಗೆ ಹೇಗೆ ಗೊತ್ತು?"

ಅಂಕಲ್ ಕಾಗದದ ರಾಶಿಯ ಮೇಲೆ ಕೂತುಬಿಟ್ಟರು.

"ಕಾಲುವೆ ಆಚೆ ನನ್ನ ಷಡ್ಡಕನ ಸೈಟುಗಳಿವೆ. ದಾರಿ ಇಲ್ಲ ಅಂತ ಯಾರೂ ಕೊಳ್ತಿರಲಿಲ್ಲ. ಮುಂದೆ ಮೂವತ್ತಡಿ ರಸ್ತೆ ಮಾಡಿಸ್ತೀನಿ, ಈಗ ಮ್ಯಾಪಲ್ಲಿ ತೋರಿಸು ಅಂದ. ಬರೀ ಒಂದು ಗೆರೆ ತಾನೇ ಅನ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಒಳಗೆ ಬಂದ.

"ಆ ಗೆರೆ ಮೇಲೆ ನಾನು ಗಾಡಿ ಓಡಿಸಿದೆ ಅಂಕಲ್."

ಇನ್ಸ್‌ಪೆಕ್ಟರ್ ಅಂಕಲ್‌ನ ತೋಳು ಹಿಡಿದು ಎಬ್ಬಿಸಿದರು. ಟೀಚರ್ ಮೊದಲು ಸೇತುವೆ ಅಳಿಸಿದಳು, ಆಮೇಲೆ ರಸ್ತೆ.