ಅರ್ಧ ಮಿಲಿಮೀಟರ್

"ಈ ಡ್ರಾಯಿಂಗ್ ಮಾಡಿದ್ದು ನೀವೇನಾ ಮೇಡಂ?"

ನೀಲಾಂಬಿಕಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ನಿಂತವನ ತೋಳಿಗೆಲ್ಲ ಎಣ್ಣೆ ಮೆತ್ತಿತ್ತು. ಅಂಗೈಯಲ್ಲಿ ಅವಳ ಮೊದಲ ಕನೆಕ್ಟರಿನ ಸ್ಯಾಂಪಲ್ ಮಿನುಗುತ್ತಿತ್ತು.

"ನಂದೇ ಐತ್ರಿ... ಯಾಕ್ರಿ, ತಪ್ಪಾಗೇತೇನು?"

"ಇಲ್ಲ ಇಲ್ಲ. ನಾನು ಅಂಬರೀಶ್, ಅಚ್ಚು ಕೊರೆಯೋ ಟೂಲ್‌ರೂಮಿನವನು. ಕಾರ್ಡ್ ಹಾಕಿ ತೆಗೆದು ನೋಡ್ದೆ. ಬೆಣ್ಣೆ ಥರ ಹೋಗುತ್ತೆ! ಯಾರಪ್ಪಾ ಮಾಡಿದ್ದು, ನೋಡ್ಕೊಂಡು ಹೋಗೋಣ ಅಂತ ಬಂದೆ."

ಅಷ್ಟೇ ಹೇಳಿ ಹೊರಟುಹೋದ. ಅವಳು ಅದೇ ಡ್ರಾಯಿಂಗನ್ನು ಮತ್ತೆ ತೆರೆದು ನೋಡುತ್ತ ಕೂತಳು.

ದೊಡ್ಡನೆಕ್ಕುಂದಿಯ ಆ ಕಾರ್ಖಾನೆಗೆ ಸೇರಿ ಮೂರು ತಿಂಗಳು. 'ಫೈಲ್ ಕಳಿಸಿ' ಎನ್ನುವುದರಾಚೆ ಅವಳೊಡನೆ ಮಾತಾಡಿದ ಮೊದಲ ಮನುಷ್ಯ ಅವನು! ಕೋಣೆಯ ಒಡತಿ ಕೃಷ್ಣಮ್ಮ ಬಾಗಿಲು ತಟ್ಟುತ್ತಿದ್ದುದು ನೀರಿನ ಮೋಟಾರ್ ಆರಿಸಲು ಹೇಳುವುದಕ್ಕೆ ಮಾತ್ರ. ಸಂಜೆ ಏಳಕ್ಕೆ ಗದಗಿನಿಂದ ಅಜ್ಜಿಯ ಫೋನ್ ಬರುತ್ತಿತ್ತು.

"ಒಂದು ವಚನ ಹೇಳು ನನ್ನವ್ವಾ..."

ಅವಳು ಹೇಳುತ್ತಿದ್ದಳು, ಅಜ್ಜಿ ಕೇಳುತ್ತಿದ್ದಳು. ಇಡೀ ದಿನದಲ್ಲಿ ಅವಳ ದನಿ ಇನ್ನೊಬ್ಬರ ಕಿವಿಗೆ ಬೀಳುತ್ತಿದ್ದುದು ಅಷ್ಟೇ.

ಯಂತ್ರಗಳ ಕಂಪ್ಯೂಟರಿಗೆ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವ ಕಾರ್ಡುಗಳಿರುತ್ತವೆ. ಆ ಕಾರ್ಡು ಕೂರುವ ಕನೆಕ್ಟರಿಗೆ ತಗಡಿನ ಕವಚ ಹೊಂದಿಸುವುದು ಅವಳ ಕೆಲಸ. ಹೊರಗಿನ ವಿದ್ಯುತ್ತಿನ ಗದ್ದಲ ಒಳಗಿನ ಪಿನ್ನುಗಳನ್ನು ತಾಕಬಾರದು. ಆರು ತಿಂಗಳು ತುಂಬಿದಾಗ ಅವಳ ಕೆಲಸ ಕಾಯಂ ಆಗುವುದು ಈ ಒಂದು ಕನೆಕ್ಟರಿನ ಮೇಲೇ ನಿಂತಿತ್ತು.

ಮರುದಿನ ಕ್ಯಾಂಟೀನಿನಲ್ಲಿ ಅಂಬರೀಶ್ ತಟ್ಟೆ ಹಿಡಿದು ಅವಳ ಎದುರು ಬಂದು ಕೂತ.

"ನಿನ್ನೆ ಕೆಲಸ ಮಾಡ್ತಾ ಏನ್ರೀ ಗುನುಗ್ತಿದ್ರಿ?"

"ಅಜ್ಜಿ ಕಲಿಸಿದ್ ವಚನಾ ರೀ..."

"ಸ್ವಲ್ಪ ಜೋರಾಗಿ ಹೇಳಿ. ಪ್ರೆಸ್ ಸದ್ದು ಕೇಳಿ ಕೇಳಿ ನನ್ನ ಕಿವಿ ಹಾಳಾಗೋಗಿದೆ."

ನಾಚುತ್ತಲೇ ಹೇಳಿದಳು. ಅವನು ತುತ್ತನ್ನೂ ಮರೆತು ಕೇಳಿದ.

"ಅನ್ನ ಆರತೈತ್ರಿ!"

"ಆರ್ಲಿ ಬಿಡಿ."

ಅಂದಿನಿಂದ ದಿನವೂ ಮಧ್ಯಾಹ್ನ ಒಂದು ವಚನ.

ಒಂದು ಬೆಳಗ್ಗೆ ಊರಿನಿಂದ ಸುದ್ದಿ ಬಂತು. ಅಜ್ಜಿ ಲಿಂಗೈಕ್ಯಳಾಗಿದ್ದಳು.

ನಾಲ್ಕು ದಿನ ಕಳೆದು ಹಿಂದಿರುಗಿದ ನೀಲಾ, ಕಂಪ್ಯೂಟರ್ ತೆರೆದು ದಂಗಾದಳು. ಅವಳ ಡ್ರಾಯಿಂಗ್ ಬದಲಾಗಿತ್ತು! ಕವಚದ ತುದಿಯ ಪುಟ್ಟ ತಗಡಿನ ನಾಲಿಗೆಗಳು ಅರ್ಧ ಮಿಲಿಮೀಟರ್ ಉದ್ದವಾಗಿದ್ದವು. 'ತಿದ್ದಿದವರು' ಎಂಬ ಕಡೆ ಅವಳದೇ ಹೆಸರು.

ಊರಿನಲ್ಲಿ ಅಜ್ಜಿಗೆ ಮಣ್ಣು ಕೊಡುತ್ತಿದ್ದ ದಿನ, ಇಲ್ಲಿ ತನ್ನ ಹೆಸರಿನಲ್ಲಿ ಯಾರೋ...

"ಯಾರ್ ಮಾಡಿದ್ದು ಇದು?" ಎಂದು ಕೂಗಿಯೇಬಿಟ್ಟಳು. ಇಡೀ ವಿಭಾಗ ತಿರುಗಿ ನೋಡಿತು. ಮ್ಯಾನೇಜರ್ ಲಕ್ಷ್ಮಯ್ಯ ಕೋಣೆಯಿಂದ ಎದ್ದು ಬಂದರು.

ಟೂಲ್‌ರೂಮಿನ ಬಾಗಿಲಲ್ಲಿ ಅಂಬರೀಶ್ ನಿಂತಿದ್ದ.

"ನಾನೇ ಸಾರ್."

"ಯಾಕಪ್ಪಾ?"

ಅವನು ಒಮ್ಮೆ ನೀಲಾಳನ್ನು ನೋಡಿದ. "ತಪ್ಪಾಯ್ತು ಸಾರ್" ಎಂದನಷ್ಟೇ.

"ನನ್ನ ಹೆಸರಿನ್ಯಾಗ ಕಳ್ಳ ಸಹಿ ಹಾಕೀರಿ! ನಿಮ್ಮನ್ನ ನಂಬಿದ್ನಲ್ಲ ನಾನು..."

ವಾರದೊಳಗೆ ಅವನನ್ನು ಪೀಣ್ಯದ ಘಟಕಕ್ಕೆ ಕಳಿಸಿದರು. ಅಚ್ಚು ಆಗಲೇ ಕೊರೆದಾಗಿದ್ದರಿಂದ ಕನೆಕ್ಟರ್ ಹಾಗೆಯೇ ಮುಂದೆ ಹೋಯಿತು. ತಿದ್ದಿದ್ದು ಏಕೆಂದು ನೀಲಾ ಸಿಟ್ಟಿನಲ್ಲಿ ಯೋಚಿಸಲೂ ಇಲ್ಲ.

ಏಳು ಗಂಟೆಯಾದರೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು... ಮಧ್ಯಾಹ್ನ ಎದುರಿನ ಕುರ್ಚಿ ಖಾಲಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೂ ವಚನ ತುಟಿಯವರೆಗೆ ಬಂದು ನಿಂತುಬಿಡುತ್ತಿತ್ತು. ಕೇಳುವವರು ಯಾರು?

ಮೂರು ವಾರದ ಮೇಲೆ ಟೆಸ್ಟಿಂಗ್ ವಿಭಾಗದ ರಕ್ಷಿತಾ ಕರೆದಳು.

"ಬಾರೇ ಇಲ್ಲಿ! ನಿನ್ನ ಮೊದಲನೇ ಸ್ಯಾಂಪಲ್ಲಿಗೂ ಕರೆಂಟ್ ಕಿಡಿ ಹೊಡೆದು ನೋಡ್ದೆ. ಕಾರ್ಡ್ ಸತ್ತೇ ಹೋಯ್ತು. ಉದ್ದ ನಾಲಿಗೇದು ಮೂವತ್ತು ಸಲ ಹೊಡೆದ್ರೂ ಗಟ್ಟಿಯಾಗಿದೆ."

"ಯಾಕ?"

"ಹಳೇದ್ರಲ್ಲಿ ನಾಲಿಗೆ ಗಿಡ್ಡ ಕಣೇ. ಕಾರ್ಡ್ ಹಾಕುವಾಗ ಅರ್ಥಿಂಗ್ ಕೊಡೋ ನಾಲಿಗೆಗಿಂತ ಮುಂಚೆ ಪಿನ್ನೇ ಮುಟ್ಟುತ್ತೆ. ಮೈ ಕೈಯಲ್ಲಿ ಸೇರ್ಕೊಂಡಿರೋ ಸ್ಟ್ಯಾಟಿಕ್ ಕಿಡಿ ಸೀದಾ ಒಳಗೆ! ಹಂಗೇ ಹೋಗಿದ್ರೆ ನಿನ್ನ ಕೆಲಸ ಗೋವಿಂದ. ಸದ್ಯ, ಡ್ರಾಯಿಂಗ್ ಮೇಲೆ ನಿನ್ನ ಹೆಸರೇ ಇದೆ, ನೀನೇ ತಿದ್ದಿದ್ದೀಯಲ್ಲ!"

ನೀಲಾ ಆ ಹಳೆಯ ಸ್ಯಾಂಪಲ್ಲನ್ನು ಕೈಗೆತ್ತಿಕೊಂಡಳು. ಅಂದು ಅಂಬರೀಶ್ ಬಾಯಿಬಿಟ್ಟಿದ್ದರೆ, ಅವಳ ತಪ್ಪನ್ನು ಲಕ್ಷ್ಮಯ್ಯನವರ ಮುಂದೆಯೇ ಹೇಳಬೇಕಾಗುತ್ತಿತ್ತು...

ನೇರ ಮ್ಯಾನೇಜರರ ಕೋಣೆಗೆ ನಡೆದಳು.

"ಸಾರ್, ಮೊದಲ್ನೇ ಡ್ರಾಯಿಂಗ್ ತಪ್ಪಿತ್ತು. ತಪ್ಪು ನಂದು, ತಿದ್ದಿದ್ದು ಅಂಬರೀಶ್. ಹಂಗ ಬರ್ಕೋರಿ."

ಲಕ್ಷ್ಮಯ್ಯ ಕನ್ನಡಕ ತೆಗೆದರು. "ಯೋಚನೆ ಮಾಡಮ್ಮಾ. ಬರೆದ್ರೆ ನಿನ್ನ ಕೆಲಸ ಕಾಯಂ ಆಗೋದು ಆರು ತಿಂಗಳು ಮುಂದಕ್ಕೆ ಹೋಗುತ್ತೆ. ಆಮೇಲೂ ನಾನು ಭರವಸೆ ಕೊಡಲ್ಲ."

"ಹೋಗ್ಲಿ ಬಿಡ್ರಿ ಸಾರ್."

ಶನಿವಾರ ಎರಡು ಬಸ್ಸು ಬದಲಿಸಿ ಪೀಣ್ಯ ತಲುಪಿದಳು. ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಅಂಬರೀಶ್ ಒಬ್ಬನೇ ಕೂತು ಟೀ ಕುಡಿಯುತ್ತಿದ್ದ. ಅವಳನ್ನು ಕಂಡು ಎದ್ದುನಿಂತ.

"ನೀವು... ಇಲ್ಲಿ?"

"ಯಾಕ ಹೇಳ್ಲಿಲ್ಲ ನನಗ?" ಅವಳು ಹತ್ತಿರ ಬಂದಳು. "ಒಂದು ಫೋನ್ ಮಾಡಾಕ ಬರ್ತಿರ್ಲಿಲ್ಲೇನು?"

"ಮಾರನೇ ದಿನ ಅಚ್ಚು ಕೊರೀಬೇಕಿತ್ತು. ನಂಬರ್ ಒತ್ತೋಕೂ ಹೋದೆ. ಅಜ್ಜಿ ಮುಂದೆ ಕೂತಿರ್ತೀರಿ... ನಾಲಿಗೆ ಗಿಡ್ಡ ಇದೆ ಅಂತ ಹೆಂಗ್ರೀ ಹೇಳೋದು?"

ಅವಳ ಕಣ್ಣು ತುಂಬಿ ಹರಿಯಿತು. ಅವತ್ತು ಅವಳ ಅಳುವನ್ನು ನೆನೆದವನು ಈ ಊರಿನಲ್ಲಿ ಇವನೊಬ್ಬನೇ!

"ನೀವೇ ತಿದ್ಕೊಂಡಂಗೆ ಇರ್ಲಿ ಅಂತ ನಿಮ್ಮ ಹೆಸರು ಹಾಕ್ದೆ. ಆದ್ರೂ ಅದು ತಪ್ಪೇ" ಎಂದ ಅವನು ಮೆಲ್ಲಗೆ.

"ತಪ್ಪೇ. ಇನ್ನ ಮ್ಯಾಲ ನನ್ನ ಹೆಸರಿನ್ಯಾಗ ನನ್ನ ಕೇಳಲಾರ್ದ ಏನೂ ಮಾಡಬ್ಯಾಡ್ರಿ. ನಾನೂ ಕೇಳಲಾರ್ದ ಬೈದೆ... ತಪ್ಪಾತು."

ಲಾರಿಯೊಂದು ಗುಡುಗುತ್ತ ಹಾದುಹೋಯಿತು. ಅದು ಮರೆಯಾಗುವವರೆಗೂ ಅವನು ಕಾದ.

"ಹಂಗಾದ್ರೆ... ಒಂದು ಕೇಳ್ಲಾ?"

"ಕೇಳ್ರಿ."

"ನನ್ನ ಮದ್ವೆ ಆಗ್ತೀರಾ ನೀಲಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ದಿನದ ಮೇಲೆ ತುಟಿಯಂಚಿನಲ್ಲಿ ನಗು ಮೂಡಿತು.

"ನಮ್ಮಪ್ಪ ಲಗೂನ ಒಪ್ಪಂಗಿಲ್ರಿ."

"ನಾನೇ ಬಂದು ಮಾತಾಡ್ತೀನಿ."

"ನೀವಾ? ಬಾಯಿಬಿಟ್ಟು ಮಾತಾಡ್ತೀರೇನು?"

"ಕಲೀತೀನಿ ಕಣ್ರೀ..."