ಕೀಳದೆ ಉಳಿದ ಹೊಲ

ಗೇಟು ದಾಟುತ್ತಲೇ ಹೆಡ್ರಾ ನಿಂತುಬಿಟ್ಟಳು. ಸಮುದ್ರದ ಅಂಚಿನವರೆಗೂ ಹಳದಿ, ಬರಿಯ ಡ್ಯಾಫೋಡಿಲ್ ಹೂಗಳ ಹಳದಿ.

ಪ್ರತಿ ವಸಂತದಲ್ಲೂ ಕ್ಯಾಮೆರಾ ಹೊತ್ತು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಈ ಹೊಲಕ್ಕೆ ಬರುತ್ತಿದ್ದಳು. ಪ್ರತಿ ಸಲವೂ ಸಿಗುತ್ತಿದ್ದುದು ಹಸಿರೊಂದೇ. ಪೇಟೆಗೆ ಹೋಗುವ ಹೂವನ್ನು ಮೊಗ್ಗಿನಲ್ಲೇ ಕೀಳಬೇಕು. ಅರಳಿದ್ದನ್ನು ಕೊಳ್ಳುವವರಿಲ್ಲ.

ಹೋದ ವರ್ಷ, ಅಣ್ಣನ ಜೊತೆ ಈ ಹೊಲ ಮಾಡುವ ಪ್ಯಾಸ್ಕೋ ಅವಳೊಡನೆ ಮದುವೆಯ ಮಾತೆತ್ತಿದಾಗ ಅವಳು ಓರೆಗಣ್ಣಿನಲ್ಲಿ ನೋಡಿ ನಕ್ಕಿದ್ದಳು. "ನನಗೋಸ್ಕರ ಒಂದು ಸಾಲಾದ್ರೂ ಅರಳೋಕೆ ಬಿಡು. ಆಮೇಲೆ ಹೇಳ್ತೀನಿ."

ಈಗ ಇಡೀ ಹೊಲವನ್ನೇ ಬಿಟ್ಟಿದ್ದಾನೆ, ಪುಣ್ಯಾತ್ಮ!

ಸಾಲುಗಳ ನಡುವೆ ಅವನು ಬೆನ್ನು ಮಾಡಿ ನಿಂತಿದ್ದ. ಅವಳು ಹಿಂದಿನಿಂದಲೇ ಫೋಟೋ ತೆಗೆದಳು.

"ಒಂದು ಸಾಲು ಕೇಳಿದ್ರೆ ಪೂರ್ತಿ ಹೊಲಾನಾ? ಹುಚ್ಚು ಕಣೋ ನಿಂಗೆ. ನಿಮ್ಮಣ್ಣ ಬೈಲಿಲ್ವಾ?"

ಅವನು ತಿರುಗಿದ. ಗಡ್ಡ ಬೆಳೆದಿತ್ತು.

"ಅಣ್ಣ ಹೋಗ್ಬಿಟ್ಟ, ಹೆಡ್ರಾ. ಮೊನ್ನೆ."

ಮೊಗ್ಗು ಕೀಳುವ ದಿನಗಳೆಲ್ಲ ಅವನಿಗೆ ಆಸ್ಪತ್ರೆಯಲ್ಲಿ, ಅಣ್ಣ ಡೆನ್ಜಿಲ್‌ನ ಹಾಸಿಗೆಯ ಪಕ್ಕ ಕಳೆದಿದ್ದವು. ಕೀಳುವ ಆಳುಗಳು ಕಾದು ಕಾದು ಬೇರೆ ಹೊಲ ಹಿಡಿದರು. ಯಾರೂ ಮುಟ್ಟದ ಹೊಲ ತನ್ನಷ್ಟಕ್ಕೆ ಅರಳಿತು.

"ಒಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡಿ ಏನ್ ಹೇಳ್ಲಿ?" ಅವನು ಹೂಗಳತ್ತ ನೋಡಿದ. "ನಿನಗೋಸ್ಕರಾನೇ ಬಿಟ್ಟೆ ಅಂತ ಈಗ ಸುಳ್ಳು ಹೇಳ್ಬಹುದಿತ್ತು."

ಅವಳು ನಾಚಿಕೆಯಿಂದ ಕುಗ್ಗಿ, ತೆಗೆದ ಚಿತ್ರವನ್ನು ಅಳಿಸಲು ಹೋದಳು. ಅವನು ಕೈ ಅಡ್ಡ ಹಿಡಿದ.

"ಇರ್ಲಿ ಬಿಡು. ಜೀವಮಾನವೆಲ್ಲ ಹೂ ಬೆಳೆದ ಅಣ್ಣ, ಒಂದ್ ಸಲಾನೂ ಹೀಗೆ ಅರಳಿದ್ದು ನೋಡಿರ್ಲಿಲ್ಲ."

ಗಾಳಿ ಬೀಸಿತು. ಅಷ್ಟೂ ಹೂಗಳು ಒಟ್ಟಿಗೆ ತಲೆ ಬಾಗಿಸಿದವು, ಪ್ರಾರ್ಥನೆಗೆ ನಿಂತವರಂತೆ.

"ನಾಳೆ ಚರ್ಚಲ್ಲಿ ಕೊನೇ ಪ್ರಾರ್ಥನೆ," ಎಂದ. "ಅಣ್ಣನ ಶವಪೆಟ್ಟಿಗೆ ಮೇಲಿಡೋಕೆ ಹೂ ಬೇಕು. ಅದಕ್ಕೆ ಅರಳಿದ್ದೇ ಆಗ್ಬೇಕು."

ಇಬ್ಬರೂ ಬಾಗಿ ಕೀಳತೊಡಗಿದರು. ದಂಟಿನ ಲೋಳೆ ತಾಗಿ ಅವಳ ಮಣಿಕಟ್ಟು ಉರಿಯತೊಡಗಿತು. ಅವನು ತನ್ನ ಕೈಗವಸು ಕಳಚಿ ಅವಳಿಗೆ ಒಂದೊಂದೇ ಬೆರಳು ಸರಿಪಡಿಸಿ ತೊಡಿಸಿದ.

"ಮದುವೆ ಮಾತು ಈಗ ಬೇಡ, ಹೆಡ್ರಾ. ನಗೋದೇ ಮರ್ತುಹೋಗಿದೆ ನಂಗೆ."

"ನಗು ಅಂತ ಯಾರ್ ಕೇಳಿದ್ರು?" ಅವಳು ಇನ್ನೊಂದು ಹೂ ಕಿತ್ತಳು. "ನಾಳೆ ನಾನೆಲ್ಲಿ ಕೂರ್ಲಿ, ಅಷ್ಟು ಹೇಳು."

ಅವನು ಕಿತ್ತ ಹೂಗಳನ್ನು ಸೇರಿಸಿ ಒಂದು ಕಟ್ಟು ಮಾಡಿದ.

"ಮುಂದಿನ ಬೆಂಚಲ್ಲಿ. ಮನೆಯವರ ಜಾಗ ಅದು."

"ಮನೆಯವರು ಅಂತ ಯಾರ್ಯಾರಿದ್ದಾರೆ?"

"ನಾನೊಬ್ಬನೇ."

ಅವಳು ಅವನ ಪಕ್ಕಕ್ಕೆ ಸರಿದು, ಅದೇ ಸಾಲಿಗೆ ಬಾಗಿದಳು.