ಡ್ಯಾರೆಲ್ ನೀಗಾರ್ಡ್‌ನ ಗ್ಲೌಸ್

ಹಾರ್ಲನ್ ಕದ್ದಿರಬಹುದೇ? ಇರಲಾರದು, ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತಲೇ ಮುದುಕನಾದ ಮನುಷ್ಯ. ಆದರೆ ಖಾಲಿ ಗಾಜಿನ ಪೆಟ್ಟಿಗೆ ಕಂಡಾಗಲೆಲ್ಲ ಇರಬಹುದೇನೋ ಎನಿಸುತ್ತಿತ್ತು.

ಅಂದು ಸಂಜೆ ಅಯೋವಾದ ನಮ್ಮ ಪುಟ್ಟ ವಿಶ್ವವಿದ್ಯಾಲಯದಲ್ಲಿ ಹಳೆಯ ವಿದ್ಯಾರ್ಥಿ, ಈಗ ಹೆಸರಾಂತ ವೃತ್ತಿಪರ ಆಟಗಾರ ಡ್ಯಾರೆಲ್ ನೀಗಾರ್ಡ್‌ನಿಗೆ ಸನ್ಮಾನ. ಬೆಳಿಗ್ಗೆ ನೋಡಿದರೆ, ಕಾಲೇಜು ದಿನಗಳಲ್ಲಿ ಅವನು ಚೆಂಡು ಹಿಡಿಯುತ್ತಿದ್ದ ಚರ್ಮದ ಗ್ಲೌಸ್ ಪೆಟ್ಟಿಗೆಯಿಂದ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ.

"ಕೀ ಇರೋದು ನಿಮ್ಮ ಕೋಣೆ ಮೊಳೇಲಿ, ಕೋಚ್," ಎಂದರು ಡೀನ್ ವಿಟ್ಲಾಕ್. "ನಿನ್ನೆ ಇಲ್ಲಿದ್ದೋರು ನೀವು, ಡ್ಯಾರೆಲ್ ಇಬ್ರೇ. ಗ್ಲೌಸ್ ಸಿಗದಿದ್ರೆ ನಿಮ್ಮ ಕೆಲಸ ಮುಗೀತು."

ಹಾರ್ಲನ್ ತುಟಿ ಬಿಚ್ಚಲಿಲ್ಲ.

ನನ್ನ ಗೆಳತಿ ರೂತ್ ನಿವೃತ್ತ ಪ್ರಾಧ್ಯಾಪಕಿ. ಕ್ಯಾಂಪಸ್ಸಿನಲ್ಲಿ ಏನು ಕಳೆದರೂ ಜನ ಅವಳ ಬಾಗಿಲನ್ನೇ ತಟ್ಟುತ್ತಿದ್ದರು. ಪೆಟ್ಟಿಗೆಯಲ್ಲಿ ಡ್ಯಾರೆಲ್ ಸಹಿ ಮಾಡಿದ ಚೆಂಡು ಹಾಗೇ ಇದ್ದುದನ್ನು ಅವಳು ನೋಡಿದಳು. ಗೋಡೆಯ ಹಳೆಯ ಚಿತ್ರದೆದುರು ಬಹಳ ಹೊತ್ತು ನಿಂತಳು. ಅದರಲ್ಲಿ ಯುವಕ ಹಾರ್ಲನ್‌ನ ಕೈಯಲ್ಲಿ ಕೆಂಪು ದಾರದಲ್ಲಿ ಹೊಲಿದ ಗ್ಲೌಸ್ ಇತ್ತು. ಅಷ್ಟರಲ್ಲಿ ಡ್ಯಾರೆಲ್ ಬಂದು ನಮ್ಮ ಕೈ ಕುಲುಕಿದ. ನನ್ನ ಅಂಗೈಗೆ ಚರ್ಮದೆಣ್ಣೆಯ ವಾಸನೆ ಅಂಟಿತು.

ಮಧ್ಯಾಹ್ನ ರೂತ್ ಎಲ್ಲರನ್ನೂ ಸೇರಿಸಿದಳು.

"ಕಳ್ಳನಾಗಿದ್ರೆ ಮೊದಲು ಸಹಿ ಇರೋ ಚೆಂಡು ಎತ್ಕೋತಿದ್ದ. ಇವನಿಗೆ ಬೇಕಾಗಿದ್ದು ಗ್ಲೌಸ್ ಮಾತ್ರ. ಇದು ನವೆಂಬರ್, ಆಟದ ಕಾಲ ಮುಗಿದಿದೆ. ಆದ್ರೂ ಒಬ್ಬನ ಕೈಯಲ್ಲಿ ಗ್ಲೌಸಿಗೆ ಹಚ್ಚೋ ಎಣ್ಣೆ! ಎಣ್ಣೆ ಹಚ್ಚಿದ ಮೇಲೆ ಆಟಗಾರರು ಏನ್ಮಾಡ್ತಾರೆ, ಡ್ಯಾರೆಲ್?"

"ಚರ್ಮ ಮೆತ್ತಗಾಗ್ಲಿ ಅಂತ ಒಳಗೆ ಚೆಂಡಿಟ್ಟು, ದಾರ ಕಟ್ಟಿ, ಹಾಸಿಗೆ ಕೆಳಗಿಟ್ಟು ಮಲಗ್ತೀವಿ, ಮೇಡಂ," ಎಂದು ನಾಚಿದ ಅವನು, ಚೀಲದಿಂದ ದಾರ ಸುತ್ತಿದ ಗ್ಲೌಸನ್ನು ತೆಗೆದ. "ಕೋಚ್ ಮೇಲೆ ಅಪವಾದ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ನಿಮ್ಮದನ್ನ ನೀವೇ ಯಾಕೆ ಕದ್ದು ಒಯ್ದಿರಿ?" ಡೀನ್ ಕಣ್ಣರಳಿಸಿದರು.

"ಅವನದಲ್ಲ," ಎಂದಳು ರೂತ್. "ಅದೇ ಕೆಂಪು ಹೊಲಿಗೆ, ಆ ಚಿತ್ರದಲ್ಲಿ ನೋಡಿ. ಕೊಳ್ಳೋಕಾಗದ ಹುಡುಗನಿಗೆ ಕೋಚ್ ತನ್ನದನ್ನೇ ಕೊಟ್ಟಿದ್ರು. ಹುಡುಗ ಅದನ್ನ ಸರಿಮಾಡಿ, ಸಂಜೆ ಅವರಿಗೇ ಹಿಂತಿರುಗಿಸೋನಿದ್ದ. ಒಯ್ದವನು ಇವನೇ ಅಂತ ಊಹಿಸಿದ್ದಕ್ಕೇ ಕೋಚ್ ಬಾಯಿ ಬಿಡ್ಲಿಲ್ಲ."

ಡೀನ್ ತಲೆ ತಗ್ಗಿಸಿ ಕ್ಷಮೆ ಕೇಳಿದರು.

ಆ ಆಟದಲ್ಲಿ ಒಬ್ಬರ ಗ್ಲೌಸಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಹಾರ್ಲನ್ ಹಿಂಜರಿಯುತ್ತ ನಿಂತ.

"ಹಾಕ್ಕೊಳಿ, ಕೋಚ್. ನಿಮ್ದೇ."

ಹಾರ್ಲನ್ ಮೆಲ್ಲಗೆ ಬೆರಳು ತೂರಿಸಿ, ಮುಷ್ಟಿ ಕಟ್ಟಿ ಬಿಚ್ಚಿದ. "ಎಣ್ಣೆ ಜಾಸ್ತಿ ಸುರಿದಿದೀಯ, ದಡ್ಡ. ಇನ್ನೂ ಕಲೀಲಿಲ್ಲ ನೀನು."

"ಕಲಿಸ್ದೋರು ಯಾರು ಮತ್ತೆ?"

ಇಬ್ಬರೂ ನಕ್ಕರು.

ಸಂಜೆ ವೇದಿಕೆಯಲ್ಲಿ ಡ್ಯಾರೆಲ್ ತಾಯಿಗೆ, ಗೆಳೆಯರಿಗೆ, ಡೀನ್‌ಗೂ ಧನ್ಯವಾದ ಹೇಳಿದ. ಮುಂದಿನ ಸಾಲಿನಲ್ಲಿ ಹಾರ್ಲನ್ ಗ್ಲೌಸ್ ಕಳಚದೆ ಕುಳಿತಿದ್ದ. ಅವನಿಗೆ ಮಾತ್ರ ಡ್ಯಾರೆಲ್ ಬಾಯಿಮಾತಿನ ಧನ್ಯವಾದ ಹೇಳಲಿಲ್ಲ.